ನಲ್ಲಿ ಯಾರ ಕೈಲಿದೆ?

ಹೋದ ವರ್ಷ ದಸರಾ ರಜೆಯಲ್ಲಿ ಒಂದು ರಾತ್ರಿ ಅಕ್ಕ ಊರಿಂದ ಫೋನ್ ಮಾಡಿದಳು. "ಭಾನುವಾರ ಅವನ್ನ ಬಾವಿಗೆ ಎತ್ತಾಕ್ತಾರಂತೆ ಕಣೋ. ನೀನಾದ್ರೂ ಒಂದು ಮಾತು ಹೇಳು."

ಅವನು ಅಂದರೆ ಅವಳ ಮಗ, ನನ್ನ ಅಳಿಯ. ಹದಿನಾಲ್ಕು ವರ್ಷ. ಅದಕ್ಕೆ ನಾಲ್ಕು ತಿಂಗಳ ಹಿಂದೆ ಅವನ ಕಣ್ಣೆದುರಿಗೇ ಜೊತೆಯಲ್ಲಿ ಓದುತ್ತಿದ್ದ ಹುಡುಗನೊಬ್ಬ ಕೃಷಿ ಹೊಂಡಕ್ಕೆ ಜಾರಿ ಹೋಗಿಬಿಟ್ಟಿದ್ದ. ನೀವು ಕೃಷಿ ಹೊಂಡ ನೋಡಿದ್ದರೆ ಗೊತ್ತಿರುತ್ತೆ, ನೀರು ಇಂಗದಿರಲಿ ಅಂತ ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದಕ್ಕೆ ಪಾಚಿ ಕಟ್ಟಿದರೆ ಈಜು ಬರೋರಿಗೂ ಹತ್ತಿ ಬರೋದು ಕಷ್ಟ. ಅವತ್ತಿಂದ ನಮ್ಮ ಹುಡುಗ ತಲೆ ಮೇಲೆ ನೀರು ಹಾಕಿಸಿಕೊಳ್ಳುತ್ತಿರಲಿಲ್ಲ. ರಾತ್ರಿ ಬೆಚ್ಚಿ ಎದ್ದು ಕೂರುತ್ತಿದ್ದ. ತೋಟದಲ್ಲಿ ಮೋಟರ್ ಹಾಕಿದರೆ ಎದ್ದು ಮನೆ ಕಡೆ ನಡೆದುಬಿಡುತ್ತಿದ್ದ. ಭಾವನ ಅಣ್ಣನ ಹತ್ತಿರ ಇದಕ್ಕೆಲ್ಲ ಒಂದೇ ಮದ್ದು: "ನೀರಿನ ಭಯ ನೀರಲ್ಲೇ ಹೋಗ್ಬೇಕು."

ನಾನು ಈಜು ಕಲಿತಿದ್ದೂ ಹಾಗೇ. ಒಂಬತ್ತು ವರ್ಷದವನಿದ್ದಾಗ ಚಿಕ್ಕಪ್ಪ ನನ್ನ ಬೆನ್ನಿಗೆ ಬೆಂಡು ಕಟ್ಟಿ ನಾಲ್ಕು ದಿನ ಬಾವಿಯಲ್ಲಿ ಬಿಟ್ಟರು. ಐದನೇ ದಿನ ಬೆಂಡು ಬಿಚ್ಚಿ, ಹೇಳದೆ ಕೇಳದೆ ಮೇಲಿಂದ ನೂಕಿದರು. ಟೀಮ್ ಲಂಚ್‌ಗಳಲ್ಲಿ ಈ ಕಥೆ ಹೇಳಿ ಎಷ್ಟೋ ಸಲ ಎಲ್ಲರನ್ನೂ ನಗಿಸಿದ್ದೇನೆ. ಹೇಳದೆ ಬಿಟ್ಟಿದ್ದು ಇಷ್ಟು: ನಮ್ಮ ಅಪಾರ್ಟ್‌ಮೆಂಟಿನ ಕೆಳಗೇ ಈಜುಕೊಳ ಇದೆ. ಐದು ವರ್ಷದಲ್ಲಿ ನಾನು ಅದಕ್ಕೆ ಇಳಿದಿದ್ದು ಎರಡೇ ಸಲ.

ಹಾಗಾಗಿ ಆ ರಾತ್ರಿ "ಬೇಡ" ಅನ್ನೋದು ಸುಲಭ ಇತ್ತು, ಯಾಕೆ ಬೇಡ ಅಂತ ಹೇಳೋದು ಸುಲಭ ಇರಲಿಲ್ಲ. ಒಂದು ವಾರ ಟೈಮ್ ಕೇಳಿದೆ. ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಒಂದು ಚಟ ಇರುತ್ತೆ. ತಪ್ಪು ಕಂಡರೆ, ಅದು ಯಾವತ್ತು ಯಾರ ಕೈಯಿಂದ ಒಳಗೆ ಬಂತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗೋದು. ಹೋದೆ.

ಸಿಕ್ಕವರಲ್ಲಿ ಮೊದಲಿಗರು ಯಾನ್ ಬ್ಯಾಪ್ಟಿಸ್ಟ್ ಫಾನ್ ಹೆಲ್ಮಾಂಟ್. ಈಗಿನ ಬೆಲ್ಜಿಯಂನಲ್ಲಿದ್ದ 17ನೇ ಶತಮಾನದ ವೈದ್ಯ, 'ಗ್ಯಾಸ್' ಅನ್ನೋ ಪದವನ್ನು ಜಗತ್ತಿಗೆ ಕೊಟ್ಟವರು. ಹುಚ್ಚು ಹಿಡಿದವರನ್ನು ಪ್ರಾಣ ಹೋಗುವ ಹಂತದವರೆಗೂ ನೀರಲ್ಲಿ ಮುಳುಗಿಸಿದರೆ ಒಳಗಿನ ಹುಚ್ಚು ಕಲ್ಪನೆ ಸಾಯುತ್ತೆ, ಮನುಷ್ಯ ಉಳಿಯುತ್ತಾನೆ ಅಂತ ಅವರ ನಂಬಿಕೆ. ಭಾವನ ಅಣ್ಣ ಅವರ ಹೆಸರನ್ನೂ ಕೇಳಿಲ್ಲ. ಆದರೂ ಇಬ್ಬರೂ ಒಂದೇ ಸ್ಕೂಲಿನವರು. ಯುರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಈ ನಂಬಿಕೆ ಬಹಳ ಕಾಲ ಬದುಕಿತ್ತು. 'ಅಚ್ಚರಿಯ ಸ್ನಾನ' ಅಂತಲೇ ಒಂದಿತ್ತು, ರೋಗಿಗೆ ಸುಳಿವು ಕೊಡದೆ ಇದ್ದಕ್ಕಿದ್ದಂತೆ ತಣ್ಣೀರಿಗೆ ಬೀಳಿಸೋದು.

ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯ ವೈದ್ಯ ಫ್ರಾಂಸ್ವಾ ಲ್ಯೂರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1840ರಲ್ಲಿ ಬಂದ ಅವರ ಪುಸ್ತಕದಲ್ಲಿ ಅವರೇ ವಿವರಿಸುತ್ತಾರೆ: ರೋಗಿಯನ್ನು ನಲ್ಲಿಯ ಕೆಳಗೆ ನಿಲ್ಲಿಸಿ ತಲೆ ಮೇಲೆ ತಣ್ಣೀರು ಬಿಡೋದು, ನಾನು ಹೇಳಿದ್ದೆಲ್ಲ ಹುಚ್ಚು ಅಂತ ಅವನ ಬಾಯಿಂದಲೇ ಹೇಳಿಸೋದು. ಹೇಳಿದರೆ ನೀರು ನಿಲ್ಲುತ್ತೆ. ಮತ್ತೆ ಹಳೇ ಮಾತು ತೆಗೆದರೆ ಮತ್ತೆ ನೀರು. ರೋಗಿ ಕೊನೆಗೆ ಒಪ್ಪಿಕೊಳ್ಳುತ್ತಾನೆ. ನಿಜಕ್ಕೂ ವಾಸಿಯಾಗಿತ್ತಾ, ಚಳಿಗೆ ಹೆದರಿ ಒಪ್ಪಿಕೊಂಡನಾ? ಓದುತ್ತಾ ನನಗೆ ನಮ್ಮ ಬಾವಿ ನೆನಪಾಯ್ತು. ಅವತ್ತು ಮೇಲೆ ಬಂದಾಗ ಚಿಕ್ಕಪ್ಪ "ಭಯ ಹೋಯ್ತಾ?" ಅಂತ ಕೇಳಿದ್ದರು. "ಹೋಯ್ತು" ಅಂದಿದ್ದೆ. ಇನ್ನೇನು ಹೇಳಲಿ, ಮೆಟ್ಟಿಲಿಗೆ ಅವರೇ ಅಡ್ಡ ನಿಂತಿದ್ದರು.

ವಿಚಿತ್ರ ನೋಡಿ, ಅದೇ ಕಾಲದಲ್ಲಿ ದುಡ್ಡು ಕೊಟ್ಟು ತಣ್ಣೀರು ಸುರಿಸಿಕೊಳ್ಳೋರೂ ಇದ್ದರು. ಈಗ ಚೆಕ್ ದೇಶದಲ್ಲಿರುವ ಗ್ರೇಫೆನ್‌ಬರ್ಗ್ ಅನ್ನೋ ಬೆಟ್ಟದೂರಿನ ರೈತನ ಮಗ ವಿನ್ಸೆಂಟ್ಸ್ ಪ್ರೀಸ್‌ನಿಟ್ಸ್, ಯಾವ ಡಾಕ್ಟರ್ ಡಿಗ್ರಿಯೂ ಇಲ್ಲದೆ ಜಲಚಿಕಿತ್ಸೆಯ ದೊಡ್ಡ ಕೇಂದ್ರ ಕಟ್ಟಿದ್ದ. ಅದರ ಗಾಳಿ ಇಂಗ್ಲೆಂಡಿಗೂ ಬೀಸಿತು. 1849ರಲ್ಲಿ ಚಾರ್ಲ್ಸ್ ಡಾರ್ವಿನ್ ಸಂಸಾರ ಸಮೇತ ಮಾಲ್ವರ್ನ್‌ಗೆ ಹೋಗಿ, ಡಾಕ್ಟರ್ ಗಲ್ಲಿ ಹತ್ತಿರ ಕೆಲವು ತಿಂಗಳು ತಣ್ಣೀರಿನ ಚಿಕಿತ್ಸೆ ತಗೊಂಡರು. ವರ್ಷಗಟ್ಟಲೆ ಕಾಡಿದ್ದ ವಾಂತಿ, ಸುಸ್ತು ಕಡಿಮೆಯಾಯ್ತು ಅಂತ ಖುಷಿಪಟ್ಟರು. ನೀರು ಅದೇ ತಣ್ಣೀರು. ಆದರೆ ಡಾರ್ವಿನ್ "ಸಾಕು" ಅಂದರೆ ನಿಲ್ಲುತ್ತಿತ್ತು. ಲ್ಯೂರೆಯ ರೋಗಿಗೆ ಆ ಮಾತಿನ ಹಕ್ಕು ಇರಲಿಲ್ಲ.

ನೀರೇ ಸರ್ವರೋಗಕ್ಕೂ ಮದ್ದು ಅನ್ನೋರು ಇದರ ಮುಂದಿನ ಭಾಗವನ್ನೂ ಓದಬೇಕು. 1851ರಲ್ಲಿ ಡಾರ್ವಿನ್ ತಮ್ಮ ಹತ್ತು ವರ್ಷದ ಮಗಳು ಆನಿಯನ್ನೂ ಅದೇ ಮಾಲ್ವರ್ನ್‌ಗೆ ಕರೆದುಕೊಂಡು ಹೋದರು. ಅವಳು ವಾಪಸ್ ಬರಲಿಲ್ಲ.

20ನೇ ಶತಮಾನ ಶುರುವಾಗುವ ಹೊತ್ತಿಗೆ ಮನೋರೋಗದ ಆಸ್ಪತ್ರೆಗಳಲ್ಲಿ ತಣ್ಣೀರಿನ ಜಾಗಕ್ಕೆ ಬೆಚ್ಚಗಿನ ನೀರು ಬಂತು. ಜರ್ಮನಿಯ ಎಮಿಲ್ ಕ್ರೇಪೆಲಿನ್‌ರಂಥ ವೈದ್ಯರು, ಕೈಕಾಲು ಕಟ್ಟಿಹಾಕೋ ಬದಲು ಉದ್ರಿಕ್ತ ರೋಗಿಗಳನ್ನು ಮೈಬಿಸಿಯ ನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಮಲಗಿಸಿದರು. ಎಷ್ಟೋ ಜನ ನಿಜವಾಗಿಯೂ ಶಾಂತರಾಗುತ್ತಿದ್ದರು, ನಿದ್ದೆ ಹೋಗುತ್ತಿದ್ದರು. ಅಂದರೆ ಬೆಚ್ಚಗಿನ ನೀರಿಗೆ ಮನಸ್ಸನ್ನು ಇಳಿಸುವ ಗುಣ ಇದೆ ಅನ್ನೋದು ಆಗಲೇ ಗೊತ್ತಾಗಿತ್ತು. ಆದರೆ ಎಷ್ಟೋ ಕಡೆ ತೊಟ್ಟಿಯ ಮೇಲೆ ಕ್ಯಾನ್ವಾಸ್ ಬಿಗಿದು, ತಲೆಯಷ್ಟೇ ಹೊರಗೆ ಬಿಡುತ್ತಿದ್ದರು. ನೀರು ಬೆಚ್ಚಗಾಯ್ತು, ನಲ್ಲಿ ಮಾತ್ರ ಇನ್ನೂ ಬೇರೆಯವರ ಕೈಯಲ್ಲೇ ಇತ್ತು. 1950ರ ದಶಕದಲ್ಲಿ ಕ್ಲೋರ್‌ಪ್ರೊಮಝಿನ್‌ನಂಥ ಮಾತ್ರೆಗಳು ಬಂದ ಮೇಲೆ ಆ ತೊಟ್ಟಿಗಳು ಮೂಲೆ ಸೇರಿದವು.

ನಲ್ಲಿ ಕೈ ಬದಲಾಗಿದ್ದು ಬೇರೆ ಕಡೆ, ಪೋಲಿಯೋ ಬಂದ ಮಕ್ಕಳ ಜೊತೆ. 39ನೇ ವಯಸ್ಸಿನಲ್ಲಿ ಕಾಲಿನ ಶಕ್ತಿ ಕಳೆದುಕೊಂಡ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ 1924ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿರುವ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದರು. ಅಲ್ಲಿಯ ಬುಗ್ಗೆಯ ನೀರು ಸುಮಾರು 31 ಡಿಗ್ರಿ ಸೆಲ್ಸಿಯಸ್. ದಡದಲ್ಲಿ ನಿಲ್ಲಲಾರದ ಕಾಲು ನೀರಲ್ಲಿ ಅಲ್ಲಾಡಿತು. 1926ರಲ್ಲಿ ಆ ಜಾಗವನ್ನೇ ಕೊಂಡುಕೊಂಡು, ಮರುವರ್ಷ ಪೋಲಿಯೋ ಆದವರಿಗಾಗಿ ಸಂಸ್ಥೆ ಮಾಡಿದರು. ಹುಡುಗ ಹುಡುಗಿಯರು ನೀರಲ್ಲಿ ಚೆಂಡಾಡುತ್ತಿದ್ದರು, ಒಬ್ಬರಿಗೊಬ್ಬರು ನೀರೆರಚುತ್ತಿದ್ದರು. ಹೊರಗೆ ಎಲ್ಲರ ಕಣ್ಣಿಗೂ ಕಾಣುತ್ತಿದ್ದ ಕಾಲು ಅಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ರೂಸ್‌ವೆಲ್ಟ್ ಕಾಲು ಕೊನೆಗೂ ವಾಸಿಯಾಗಲಿಲ್ಲ. ಆದರೆ ಸಂಕೋಚದಲ್ಲಿ ಮುದುಡಿದ್ದ ಮಕ್ಕಳು ತಲೆ ಎತ್ತಿದ್ದನ್ನು ಅಲ್ಲಿದ್ದವರೆಲ್ಲ ನೋಡಿದರು.

ಕಪ್ಪು ಮಕ್ಕಳಿಗೆ ಮಾತ್ರ ಅಲ್ಲಿ ಚಿಕಿತ್ಸೆ ಇರಲಿಲ್ಲ. ಅವರಿಗಾಗಿ ಟಸ್ಕೀಗಿಯಲ್ಲಿ ಬೇರೆ ಕೇಂದ್ರ ತೆರೆದಿದ್ದು 1941ರಲ್ಲಿ. ಇದನ್ನು ಓದಿ ಅಮೆರಿಕದವರನ್ನು ಬಯ್ಯೋ ಮೊದಲು ಬಾಯಿ ಮುಚ್ಚಿಕೊಂಡೆ. ನಾನು ಈಜು ಕಲಿತ ಬಾವಿಗೂ ಒಂದು ಪಟ್ಟಿ ಇತ್ತು. ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕಾಲೋನಿ ಹುಡುಗರು ಆ ಮೆಟ್ಟಿಲು ಇಳಿಯುವಂತಿರಲಿಲ್ಲ. ಹೊಂಡದಲ್ಲಿ ಹೋದ ಹುಡುಗನಿಗೆ ಈಜು ಬರುತ್ತಿರಲಿಲ್ಲ. ಅವನಪ್ಪ ನನ್ನ ಕ್ಲಾಸ್‌ಮೇಟ್, ಅವನಿಗೂ ಬರಲ್ಲ. ಕಲಿಯೋಕೆ ಅವನಿಗೆ ಬಾವಿ ಇರಲಿಲ್ಲ.

ಇಷ್ಟೆಲ್ಲ ಓದಿದ ಮೇಲೆ, ನನಗೆ ಬೇಕಾದ ಮನುಷ್ಯ 1949ರ ಲಂಡನ್ನಿನಲ್ಲಿ ಸಿಕ್ಕಿದ. ಹೆಸರು ಜೇಮ್ಸ್ ಮ್ಯಾಕ್‌ಮಿಲನ್. ಡಾಕ್ಟರ್ ಅಲ್ಲ, ಎಂಜಿನಿಯರ್. ನೀರಿನ ಚಲನೆ ಅವನ ವಿಷಯ. ಲಂಡನ್ನಿನ ಸೌತ್‌ಗೇಟಿನಲ್ಲಿ ಅಂಗವೈಕಲ್ಯ ಇರುವ ಹುಡುಗಿಯರಿಗಾಗಿ ಹ್ಯಾಲಿವಿಕ್ ಅನ್ನೋ ಶಾಲೆ ಇತ್ತು. ಅಲ್ಲಿಯ ಹುಡುಗಿಯರಿಗೆ ಈಜು ಕಲಿಸೋಕೆ ಶುರು ಮಾಡಿದ. ಅದು ಬೆಳೆದು ಹತ್ತು ಹಂತಗಳ ಕ್ರಮವಾಯ್ತು, ಇವತ್ತಿಗೂ ಎಷ್ಟೋ ದೇಶಗಳಲ್ಲಿ 'ಹ್ಯಾಲಿವಿಕ್' ಅಂತಲೇ ನಡೆಯುತ್ತಿದೆ.

ಈ ಹತ್ತು ಹಂತಗಳಲ್ಲಿ ಕೈಕಾಲು ಬಡಿಯೋದು ಬರೋದು ಕಟ್ಟಕಡೆಗೆ. ಮೊದಲನೆಯದು ಮನಸ್ಸು ಹೊಂದಿಸಿಕೊಳ್ಳೋದು. ನೀರಿಗೆ ಇಳಿ, ನಿಲ್ಲು, ನೀರು ಮುಖದ ಹತ್ತಿರ ಬಂದರೆ ಊದು. ಉಸಿರು ಹಿಡಿಯಬೇಡ, ಊದು. ಸಣ್ಣ ಚೆಂಡೊಂದನ್ನು ನೀರ ಮೇಲೆ ಊದಿಕೊಂಡು ಹೋಗೋದೂ ಇದರಲ್ಲೊಂದು ಆಟ. ಒಬ್ಬೊಬ್ಬರಿಗೂ ಜೊತೆಯಲ್ಲಿ ಒಬ್ಬರು ಹಿಡಿದುಕೊಂಡು ನಿಂತಿರುತ್ತಾರೆ. ಬೆಂಡು, ಟ್ಯೂಬು ಏನೂ ಇಲ್ಲ. ಹಿಡಿದ ಕೈ ದಿನದಿಂದ ದಿನಕ್ಕೆ ಸಡಿಲವಾಗುತ್ತಾ ಹೋಗುತ್ತೆ, ಕಲಿಯುವವರ ಧೈರ್ಯ ನೋಡಿಕೊಂಡು. ಕೈ ಹೀಗೆ ಬಿಡಿಸಿಕೊಳ್ಳೋದೂ ಪಾಠದ ಭಾಗವೇ. ಇನ್ನೊಂದು ಪಾಠದಲ್ಲಿ ತಳದಲ್ಲಿರುವ ವಸ್ತು ಎತ್ತಿಕೊಂಡು ಬಾ ಅನ್ನುತ್ತಾರೆ. ಇಳಿಯೋಕೆ ನೋಡಿದರೆ ನೀರು ಮೇಲಕ್ಕೆ ನೂಕುತ್ತೆ. ಆಗ ತಲೆಯಲ್ಲಿದ್ದದ್ದು ತಲೆಕೆಳಗಾಗುತ್ತೆ: ನೀರು ನನ್ನನ್ನು ಎಳೆಯುತ್ತಿಲ್ಲ, ಎತ್ತುತ್ತಿದೆ. ಆರ್ಕಿಮಿಡೀಸ್ ಸೂತ್ರ ಬರೆದು ನಾವೆಲ್ಲ ಮಾರ್ಕ್ಸ್ ತಗೊಂಡಿದ್ದೇವೆ. ಮೈಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆ ಹುಡುಗಿಯರನ್ನು ಅವನು ರೋಗಿಗಳು ಅನ್ನಲಿಲ್ಲ, ಈಜುಗಾರರು ಅಂದ.

ಮ್ಯಾಕ್‌ಮಿಲನ್ ಹೊರಟಿದ್ದು ಈಜು ಕಲಿಸೋಕೆ, ಆಘಾತಕ್ಕೆ ಮದ್ದು ಮಾಡೋಕಲ್ಲ. ಆದರೆ ಈಗ ಆಘಾತ, ಆತಂಕ ಅನುಭವಿಸಿದ ಹದಿಹರೆಯದ ಮಕ್ಕಳನ್ನು ನೀರಿಗೆ ಇಳಿಸುವವರು ಮಾಡೋದೂ ಹೆಚ್ಚುಕಡಿಮೆ ಇದನ್ನೇ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಟಿಮ್ ಕೋನಿಬೀರ್ ಶುರು ಮಾಡಿದ 'ವೇವ್ಸ್ ಫಾರ್ ಚೇಂಜ್', ಗುಂಡಿನ ಸದ್ದು, ಹೊಡೆದಾಟಗಳ ನಡುವೆ ಬೆಳೆಯುವ ಬಡ ಬಡಾವಣೆಗಳ ಮಕ್ಕಳಿಗೆ ಸರ್ಫಿಂಗ್ ಕಲಿಸುತ್ತೆ. ಕಲಿಸುವವರು ಅದೇ ಬಡಾವಣೆಗಳ ಯುವಕ ಯುವತಿಯರು. ವಾರವಾರವೂ ಅದೇ ಮುಖಗಳು. ಸಮುದ್ರಕ್ಕೆ ಇಳಿಯೋ ಮೊದಲು ಇವತ್ತು ಹೇಗಿದ್ದೀಯ ಅನ್ನೋ ಮಾತು, ಉಸಿರಾಟದ ಅಭ್ಯಾಸ. 1953ರ ಕಾಯ್ದೆಯೊಂದು ಇದೇ ದೇಶದ ಕಡಲತೀರಗಳನ್ನು ಬಣ್ಣದ ಮೇಲೆ ಹಂಚಿಬಿಟ್ಟಿತ್ತು. ಅಜ್ಜ ಅಜ್ಜಿಯರು ಕಾಲಿಡಲಾಗದ ಅಲೆಗಳ ಮೇಲೆ ಈಗ ಮೊಮ್ಮಕ್ಕಳು ನಿಲ್ಲುತ್ತಿದ್ದಾರೆ.

ಇದು ಹೇಗೆ ಕೆಲಸ ಮಾಡುತ್ತೆ? ಎದೆಮಟ್ಟದ ನೀರಲ್ಲಿ ನಿಂತರೆ ಕಾಲಿನ ಮೇಲೆ ಬೀಳೋದು ನಮ್ಮ ಭಾರದ ಸುಮಾರು ಮೂರನೇ ಒಂದು ಪಾಲು ಮಾತ್ರ. ನೀರು ಎಲ್ಲ ಕಡೆಯಿಂದ ಸಮನಾಗಿ ಒತ್ತುತ್ತೆ. ಆತಂಕದಲ್ಲಿ ಉಸಿರು ಮೇಲೆ ಮೇಲೆ ಓಡುತ್ತೆ, ನೀರಿಗೆ ಊದುವಾಗ ಉದ್ದಕ್ಕೆ ಹೊರಗೆ ಬಿಡಲೇಬೇಕು. ಉದ್ದದ ಉಸಿರು ಎದೆಬಡಿತವನ್ನು ಇಳಿಸುತ್ತೆ. ಇಷ್ಟೂ ನಿಜ. ಆದರೆ ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಹೆಚ್ಚಿನವು ಸಣ್ಣ ಸಣ್ಣ ಗುಂಪುಗಳ ಮೇಲೆ ನಡೆದವು. ಮನೋವೈದ್ಯರ ಜಾಗದಲ್ಲಿ ಈಜುಕೊಳ ನಿಲ್ಲಲ್ಲ. ಪಕ್ಕದಲ್ಲಿ ನಿಲ್ಲಬಹುದು, ಅಷ್ಟೇ. ಅದೂ ಒಂದು ಷರತ್ತಿನ ಮೇಲೆ: ನಲ್ಲಿ ಮಗುವಿನ ಕೈಯಲ್ಲಿರಬೇಕು.

ಭಾವನ ಅಣ್ಣನಿಗೆ ಹೆಲ್ಮಾಂಟು, ಲ್ಯೂರೆ ಅಂತೆಲ್ಲ ಹೇಳಲಿಲ್ಲ. "ನನಗೆ ಇವತ್ತಿಗೂ ನೀರು ಅಂದ್ರೆ ಭಯ" ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನಿನಗಾ?" ಅಂದರು. ಬಾವಿ ವಿಷಯ ಅಲ್ಲಿಗೆ ನಿಂತಿತು.

ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಂಡೆವು. ಹುಡುಗ ಅಲ್ಲಿಗೆ ಹೋಗುತ್ತಲೇ ಇದ್ದಾನೆ. ಒಂದೆರಡು ತಿಂಗಳಾದ ಮೇಲೆ, ಅವರು ಸರಿ ಅಂದ ಮೇಲೆ, ಶನಿವಾರ ಬಸ್ಸು ಹತ್ತಿ ಊರಿಗೆ ಹೋಗತೊಡಗಿದೆ. ನಮ್ಮ ತೋಟದಲ್ಲಿ ಬೋರ್‌ವೆಲ್ ನೀರು ಬೀಳೋ ಸಿಮೆಂಟ್ ತೊಟ್ಟಿ ಇದೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ ಬರೋಷ್ಟು ನೀರು. ನಿಯಮ ಒಂದೇ. ವಾಲ್ವ್ ತಿರುಗಿಸೋದು ಅವನು, ನಿಲ್ಲಿಸೋದೂ ಅವನೇ. ಮೊದಲ ವಾರ ಅದನ್ನು ಮುಟ್ಟಲೂ ಇಲ್ಲ, ಕಟ್ಟೆ ಮೇಲೆ ಕೂತು ವಾಪಸ್ ಬಂದೆವು. ಮೂರನೇ ವಾರ ಕಾಲು ಇಳಿಬಿಟ್ಟ. ಐದನೇ ವಾರ ಇಬ್ಬರೂ ತೊಟ್ಟಿಯಲ್ಲಿ ಕೂತು, ಗಲ್ಲದವರೆಗೂ ಬಗ್ಗಿ, ಪಿಂಗ್‌ಪಾಂಗ್ ಚೆಂಡು ಊದಿದೆವು. ಹೋದ ವಾರ ಮುಖ ಮುಳುಗಿಸೋ ಸರದಿ. ಮೊದಲು ಅವನು, ಆಮೇಲೆ ನಾನು.

ನಾನು ತಲೆ ಎತ್ತಿದಾಗ ನನ್ನನ್ನೇ ನೋಡುತ್ತಿದ್ದ.

"ಮಾವ, ನೀನು ಊದ್ಲೇ ಇಲ್ಲ. ಒಂದು ಗುಳ್ಳೆನೂ ಬರ್ಲಿಲ್ಲ" ಅಂದ. ಎದ್ದು ಹೋಗಿ ವಾಲ್ವ್ ನಿಲ್ಲಿಸಿ ಬಂದು ನನ್ನ ಪಕ್ಕ ಕೂತ. "ಅರ್ಜೆಂಟೇನಿಲ್ಲ, ನಿಧಾನಕ್ಕೆ ಮಾಡು."