ಕಾಳಿ ಕಣಿವೆಯ ವಿಕಿರಣ ಮಾಪನ: ಪ್ರಯೋಗಾಲಯ ಮತ್ತು ಹೊರಗಿನ ಸಂಶೋಧಕ

ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟುವ ಕಾಳಿ ನದಿಯು ಸೂಪಾ ಜಲಾಶಯವನ್ನೂ ದಾಂಡೇಲಿಯನ್ನೂ ದಾಟಿ ಘಟ್ಟ ಇಳಿದು ಕದ್ರಾ ಹಿನ್ನೀರನ್ನು ಸೇರುವಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರವಿದ್ದು, ತಲಾ 220 ಮೆಗಾವಾಟ್ ಸಾಮರ್ಥ್ಯದ ಅದರ ನಾಲ್ಕು ಘಟಕಗಳು 2000 ಮತ್ತು 2011ರ ನಡುವೆ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇಲ್ಲಿನ ಪರಿಸರದ ವಿಕಿರಣವನ್ನು ಅಳೆಯುವುದು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯದ ಹೊಣೆಯಾದರೂ, ಸ್ಥಾವರ ಚಾಲನೆಗೆ ಬರುವ ಮುನ್ನವೇ ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಸುತ್ತಲಿನ ವಿಕಿರಣ ಮಟ್ಟವನ್ನು ಅಳೆದು ದಾಖಲಿಸಿದ್ದರು.

ಈ ಆಧಾರ ಮಾಪನದ ಮಹತ್ವ ಸೀಸಿಯಂ-137ರ ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಸುಮಾರು 30 ವರ್ಷಗಳ ಅರ್ಧಾಯುಷ್ಯವುಳ್ಳ, ಅಂದರೆ ಅಷ್ಟು ಕಾಲದಲ್ಲಿ ಅರ್ಧಕ್ಕಿಳಿಯುವ, ಈ ಐಸೊಟೋಪು 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಜಗತ್ತಿನೆಲ್ಲೆಡೆ ಉದುರಿ, ಅಗೆಯದೆ ಉಳಿದ ಕಾಡಿನ ಮೇಲ್ಮಣ್ಣಿನಲ್ಲಿ ಇಂದಿಗೂ ಸಿಗುವುದರಿಂದ, ಮೊದಲಿನ ಅಂಕಿಗಳಿಲ್ಲದಿದ್ದರೆ ಅದನ್ನು ಸ್ಥಾವರದ ಲೆಕ್ಕಕ್ಕೆ ಬರೆಯುವುದೂ ಸುಲಭ, ಸ್ಥಾವರದ ಪಾಲನ್ನು ಬಾಂಬಿನ ಲೆಕ್ಕಕ್ಕೆ ತಳ್ಳುವುದೂ ಸುಲಭ. ಮಾಪನವಾದರೋ ತಾಳ್ಮೆಯ ಕೆಲಸ: ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಗಾಳಿಯಾಡದ ಡಬ್ಬಿಯಲ್ಲಿ ಸುಮಾರು ಒಂದು ತಿಂಗಳು ಮುಚ್ಚಿಟ್ಟರೆ, ಮಣ್ಣಿನಲ್ಲಿರುವ ರೇಡಿಯಂ ಮತ್ತು ಅದರಿಂದ ಹುಟ್ಟುವ ರೇಡಾನ್ ಅನಿಲದ ನಡುವೆ ಸಮತೋಲ ಬರುತ್ತದೆ, ಬಳಿಕ ಡಬ್ಬಿಯನ್ನು ಸೀಸದ ಕವಚದೊಳಗೆ, ದ್ರವ ಸಾರಜನಕದಿಂದ ತಂಪಾಗಿಸಿದ ಜರ್ಮೇನಿಯಂ ಶೋಧಕದ ಮೇಲಿಟ್ಟು, ಹೊಮ್ಮುವ ಗಾಮಾ ಕಿರಣಗಳನ್ನು ಗಂಟೆಗಟ್ಟಲೆ ಎಣಿಸಬೇಕು. ಭಾರಜಲ ಬಳಸುವ ಕೈಗಾದಂಥ ರಿಯಾಕ್ಟರುಗಳಲ್ಲಿ ಹೆಚ್ಚಾಗಿ ಉತ್ಪತ್ತಿಯಾಗುವ ಟ್ರಿಟಿಯಂ ಸೂಸುವ ಬೀಟಾ ಕಣಗಳಂತೂ ಎಷ್ಟು ದುರ್ಬಲವೆಂದರೆ ಸಾಮಾನ್ಯ ಗೈಗರ್ ಮಾಪಕಕ್ಕೆ ಅವು ಗೋಚರಿಸುವುದೇ ಇಲ್ಲ. ಹಾಗಾಗಿ ಮಾದರಿಯ ನೀರನ್ನು ಬಟ್ಟಿ ಇಳಿಸಿ, ಮಿನುಗುವ ದ್ರಾವಣದೊಡನೆ ಬೆರೆಸಿ ಆ ಮಿನುಗನ್ನೇ ಎಣಿಸಬೇಕಾಗುತ್ತದೆ.

ಇಂಥ ಸಾಧನಗಳನ್ನು ಪ್ರತಿ ಕಾಲೇಜೂ ಕೊಳ್ಳಲಾಗದು. ಮುಂಬೈಯ ಧ್ರುವ ರಿಯಾಕ್ಟರಿನಂಥ ಸೌಲಭ್ಯಗಳನ್ನು ವಿಶ್ವವಿದ್ಯಾಲಯಗಳಿಗೆ ಒದಗಿಸಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ ಮತ್ತು ಪರಮಾಣು ಶಕ್ತಿ ಇಲಾಖೆಗಳ ಜಂಟಿ ಒಕ್ಕೂಟವಿದೆ. ದೆಹಲಿಯ ಅಂತರ-ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ಹುಟ್ಟಿದ್ದೂ ಹಂಚಿಕೊಂಡು ಬಳಸುವ ಉದ್ದೇಶದಿಂದಲೇ. ಆದರೆ ಯಂತ್ರದ ಸಮಯ ಕೊಟ್ಟ ಮಾತ್ರಕ್ಕೆ ಬಾಗಿಲು ತೆರೆದಂತಾಗದು, ಏಕೆಂದರೆ ಎಲ್ಲಿಯ ಮಣ್ಣು, ಯಾವ ಆಳದ್ದು, ಯಾವ ಋತುವಿನದು ಎಂಬುದನ್ನು ನಿರ್ಧರಿಸುವವನೇ ಪ್ರಶ್ನೆಯನ್ನೂ ನಿರ್ಧರಿಸುತ್ತಾನೆ. ಈ ದೃಷ್ಟಿಯಿಂದ ಸ್ಥಾವರಕ್ಕಿಂತ ಮೇಲಿನ ಜೋಯಿಡಾ, ದಾಂಡೇಲಿ, ಹಳಿಯಾಳಗಳ ಮಣ್ಣು–ನೀರೂ, ಕಾಳಿಯ ಜಲಾನಯನದ ಹೊರಗಿನ ಮುಂಡಗೋಡಿನ ಕೆರೆಗಳೂ ಹೋಲಿಕೆಗೆ ಒದಗುವ ಮಾದರಿಗಳು. ಸ್ಥಳೀಯ ಕಾಲೇಜುಗಳು ಈ ಮಾದರಿಗಳನ್ನು ಸಂಗ್ರಹಿಸುವಂತಾಗಬೇಕು. ಪ್ರಯೋಗಾಲಯಗಳು ಅವುಗಳಿಗೆ ಅಂತಿಮ ವರದಿಯ ಜೊತೆಗೆ ಕಚ್ಚಾ ಅಂಕಿಗಳನ್ನೂ ಕೊಡಬೇಕು.