ಡ್ರಮ್ಮರಿಗೆ ಸಿಗದ ಪಾಲು

1969ರ ನವೆಂಬರ್ 20ರಂದು ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಕಿಂಗ್ ಸ್ಟುಡಿಯೋದಲ್ಲಿ ಜೇಮ್ಸ್ ಬ್ರೌನ್ ತಮ್ಮ ತಂಡದ ಜೊತೆ ‘ಫಂಕಿ ಡ್ರಮ್ಮರ್’ ಎಂಬ ಹಾಡನ್ನು ಧ್ವನಿಮುದ್ರಿಸಿದರು. ಐದು ನಿಮಿಷ ದಾಟಿದ ಮೇಲೆ ಉಳಿದ ವಾದ್ಯಗಳೆಲ್ಲ ನಿಲ್ಲುತ್ತವೆ. ತನಿ ನುಡಿಸುವುದು ಬೇಡ, ಈಗ ಹಿಡಿದಿರುವುದನ್ನೇ ಹಿಡಿದುಕೊಂಡು ಹೋಗು ಎಂಬ ಅರ್ಥದ ಮಾತನ್ನು ಬ್ರೌನ್ ಡ್ರಮ್ಮರಿಗೆ ಮೊದಲೇ ಹೇಳಿರುತ್ತಾರೆ. ಎಂಟು ಆವರ್ತಗಳ ಕಾಲ, ಅಂದರೆ ಸುಮಾರು 20 ಸೆಕೆಂಡು, ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರೇ ನುಡಿಸುತ್ತಾರೆ.

ನಮ್ಮ ಕಚೇರಿಗಳ ತನಿ ಆವರ್ತನದಲ್ಲಿ ಮೃದಂಗದವರು ತಮ್ಮ ವಿದ್ಯೆಯನ್ನೆಲ್ಲ ಬಿಚ್ಚಿಡುತ್ತಾರೆ. ಇಲ್ಲಿ ಅಂಥದ್ದೇನೂ ಇಲ್ಲ. ಮೊದಲ ಪೆಟ್ಟು ಗಟ್ಟಿಯಾಗಿ ಕೂರುತ್ತದೆ. ಮಿಕ್ಕ ಕಡೆ ಕಡ್ಡಿ ಡ್ರಮ್ಮಿನ ಚರ್ಮವನ್ನು ಮುಟ್ಟಿಯೂ ಮುಟ್ಟದ ಹಾಗೆ ಸರಿದಾಡುತ್ತದೆ. ಕಿವಿಗೊಟ್ಟು ಕೇಳಿದರಷ್ಟೇ ಸಿಗುವ ಆ ಸಣ್ಣ ಸಣ್ಣ ಪೆಟ್ಟುಗಳೇ ಈ ನಡೆಯ ಜೀವ.

1970ರಲ್ಲಿ ಈ ಹಾಡು ಎರಡು ಭಾಗಗಳ ಸಿಂಗಲ್ ಆಗಿ ಬಂತು. ಬ್ರೌನ್ ಅವರ ದೊಡ್ಡ ಜನಪ್ರಿಯ ಹಾಡುಗಳ ಸಾಲಿಗೆ ಅದು ಸೇರಲಿಲ್ಲ. ಅದರ ಎರಡನೆಯ ಜನ್ಮಕ್ಕೆ ಕಾರಣರಾದವರು ಬೇರೆಯವರು.

1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟು ಎಂದು ಗುರುತಿಸುವುದುಂಟು. ಫಂಕ್ ಹಾಡುಗಳಲ್ಲಿ ಬರೀ ತಾಳವಾದ್ಯ ಉಳಿಯುವ ತುಣುಕು ಬಂದಾಗ ಜನ ಹೆಚ್ಚು ಕುಣಿಯುತ್ತಾರೆ ಎಂಬುದನ್ನು ಹರ್ಕ್ ಗಮನಿಸಿದ್ದರು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಶುರುಮಾಡಿ, ಕೆಲವೇ ಸೆಕೆಂಡಿನ ನಡೆಯನ್ನು ನಿಮಿಷಗಟ್ಟಲೆ ಎಳೆದರು.

ಹತ್ತು ವರ್ಷದ ಮೇಲೆ, 1983ರಲ್ಲಿ, ಟಾಮಿ ಬಾಯ್ ಎಂಬ ಸ್ವತಂತ್ರ ರೆಕಾರ್ಡ್ ಕಂಪನಿ ತನ್ನದೇ ಒಂದು ಹಾಡಿಗೆ ರೀಮಿಕ್ಸ್ ಸ್ಪರ್ಧೆ ಏರ್ಪಡಿಸಿತು. ಗೆದ್ದವರು ಸ್ಟುಡಿಯೋ ಎಂಜಿನಿಯರ್ ಡಗ್ ಡಿಫ್ರಾಂಕೊ ಮತ್ತು ಜಾಹೀರಾತು ಬರೆಯುತ್ತಿದ್ದ ಸ್ಟೀವ್ ಸ್ಟೈನ್. ‘ಡಬಲ್ ಡೀ ಅಂಡ್ ಸ್ಟೈನ್‌ಸ್ಕಿ’ ಎಂಬ ಹೆಸರಿನಲ್ಲಿ ಅವರು ಹತ್ತಾರು ಹಳೆಯ ರೆಕಾರ್ಡುಗಳ ಚೂರುಗಳನ್ನು ಟೇಪಿನಲ್ಲಿ ಕತ್ತರಿಸಿ ಅಂಟಿಸಿ ಒಂದು ಕೌದಿ ಹೊಲಿದಿದ್ದರು. ಮರುವರ್ಷ ಮಾಡಿದ ‘ಲೆಸನ್ 2’ ಪೂರ್ತಿ ಜೇಮ್ಸ್ ಬ್ರೌನ್ ಅವರಿಗೇ ಮೀಸಲು. ಅಷ್ಟೊಂದು ಚೂರುಗಳ ಹಕ್ಕು ಬಿಡಿಸಿಕೊಳ್ಳುವುದು ಆಗದ ಕಾರಣ ಈ ‘ಪಾಠ’ಗಳು ಅಂಗಡಿಗೆ ಬರಲಿಲ್ಲ. ಡಿಜೆಗಳ ಕೈಯಿಂದ ಕೈಗೆ, ರೇಡಿಯೋದಿಂದ ಕ್ಯಾಸೆಟ್ಟಿಗೆ ದಾಟುತ್ತ ಹೋದವು. 2008ರಲ್ಲಿ ಅವು ಸಂಕಲನವಾಗಿ ಹೊರಬಂದಾಗ ಪ್ರಕಟಿಸಿದ ಸಂಸ್ಥೆಯ ಹೆಸರು ಇಲ್ಲೀಗಲ್ ಆರ್ಟ್! ಲಂಡನ್ನಿನಲ್ಲಿ ಇವುಗಳಿಂದ ಪ್ರೇರಣೆ ಪಡೆದ ಮ್ಯಾಟ್ ಬ್ಲ್ಯಾಕ್ ಮತ್ತು ಜೊನಾಥನ್ ಮೋರ್ ‘ಕೋಲ್ಡ್‌ಕಟ್’ ಆದರು. 1990ರಲ್ಲಿ ನಿಂಜಾ ಟ್ಯೂನ್ ಎಂಬ ತಮ್ಮದೇ ಸ್ವತಂತ್ರ ಸಂಸ್ಥೆ ಕಟ್ಟಿದರು.

ಈ ನಡುವೆ ಟೇಪು ಮತ್ತು ಕತ್ತರಿಯ ಕೆಲಸವನ್ನು ಯಂತ್ರ ವಹಿಸಿಕೊಂಡಿತ್ತು. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಸ್ಯಾಂಪ್ಲರ್‌ನ ಒಟ್ಟು ನೆನಪಿನ ಶಕ್ತಿ ಸುಮಾರು 10 ಸೆಕೆಂಡು; ಒಂದು ತುಣುಕಿಗೆ ಎರಡೂವರೆ ಸೆಕೆಂಡಿನಷ್ಟು. 33ರ ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಯಂತ್ರದೊಳಗೆ ನಿಧಾನಗೊಳಿಸಿ ಜಾಗ ಉಳಿಸುವುದು ಆಗಿನ ಉಪಾಯ. ಸ್ಟಬಲ್‌ಫೀಲ್ಡ್ ಅವರ ಒಂದು ಆವರ್ತ ಹೆಚ್ಚುಕಡಿಮೆ ಎರಡೂವರೆ ಸೆಕೆಂಡಿನದೇ. ಅಳತೆ ಕೊಟ್ಟು ಮಾಡಿಸಿದಂತೆ ಅದು ಯಂತ್ರದೊಳಗೆ ಕೂತಿತು. 1986ರಲ್ಲಿ ಬಂದ ಬ್ರೌನ್ ಅವರ ‘ಇನ್ ದ ಜಂಗಲ್ ಗ್ರೂವ್’ ಸಂಕಲನದಲ್ಲಿ ಆ ಡ್ರಮ್ ತುಣುಕನ್ನೇ ಸುತ್ತಿ ಸುತ್ತಿ ಬೆಳೆಸಿದ ಪ್ರತ್ಯೇಕ ಆವೃತ್ತಿಯೂ ಇತ್ತು. ಪಬ್ಲಿಕ್ ಎನಿಮಿಯ ‘ಫೈಟ್ ದ ಪವರ್’ನಿಂದ ಹಿಡಿದು ಐರ್ಲೆಂಡಿನ ಶಿನೇಡ್ ಓಕಾನರ್, ಇಂಗ್ಲೆಂಡಿನ ಜಾರ್ಜ್ ಮೈಕಲ್ ಅವರ ಹಾಡುಗಳವರೆಗೆ ಅದೇ ಕೈಯ ಪೆಟ್ಟು ಕೇಳಿಸಿತು.

ಹಾಗಾದರೆ ಆ ಕೈಗೆ ಏನು ಸಿಕ್ಕಿತು?

ಹಾಡಿನ ರಚನೆಕಾರರೆಂದು ದಾಖಲಾದವರು ಬ್ರೌನ್ ಒಬ್ಬರೇ. ಡ್ರಮ್ಮರ್ ಸಂಬಳಕ್ಕೆ ನುಡಿಸಿದವರು. ರಾಗವನ್ನೂ ಸಾಹಿತ್ಯವನ್ನೂ ‘ರಚನೆ’ ಎಂದು ಸುಲಭವಾಗಿ ಒಪ್ಪುವ ರೂಢಿ, ಲಯಕ್ಕೆ ಆ ಮರ್ಯಾದೆ ಕೊಡಲಿಲ್ಲ. 1991ರ ಡಿಸೆಂಬರಿನಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ವಿರುದ್ಧ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪಿತ್ತ ಮೇಲೆ ತುಣುಕುಗಳಿಗೆ ಅನುಮತಿ ಪಡೆಯುವುದು ಅನಿವಾರ್ಯವಾಯಿತು. ಇದರಿಂದ ಕಲಾವಿದರಿಗೆ ನ್ಯಾಯ ಸಿಕ್ಕಿತೆಂದು ತೋರಬಹುದು. ಆದರೆ ಹಣ ಹರಿದದ್ದು ಹಕ್ಕುಪತ್ರ ಯಾರ ಹೆಸರಿನಲ್ಲಿತ್ತೋ ಅವರ ಕಡೆಗೆ. 2005ರಲ್ಲಿ ಫಂಕಡೆಲಿಕ್ ತಂಡದ ಎರಡು ಸೆಕೆಂಡಿನ ಗಿಟಾರ್ ತುಣುಕಿನ ಬಗ್ಗೆ ಬಂದ ಕಟ್ಟುನಿಟ್ಟಾದ ತೀರ್ಪಿನಲ್ಲೂ ಕಕ್ಷಿದಾರರು ಹಕ್ಕು ಹೊಂದಿದ್ದ ಕಂಪನಿಗಳೇ ಹೊರತು ಗಿಟಾರ್ ನುಡಿಸಿದವರಲ್ಲ.

ನನ್ನ ತಲೆಮಾರಿನ ನಾವು ರೀಮಿಕ್ಸ್ ಅನ್ನು ಒಂದೋ ಕಳ್ಳತನ, ಇಲ್ಲವೇ ಬಂಡಾಯ ಎಂದು ನೋಡುತ್ತ ಬಂದಿದ್ದೇವೆ. ಈ ಚರಿತ್ರೆಯನ್ನು ಓದುತ್ತ ಹೋದಂತೆ ಎರಡೂ ಮಾತು ಸಾಲದು ಅನ್ನಿಸಿತು. ಮೂಲೆಗೆ ಬಿದ್ದಿದ್ದ ಆ 20 ಸೆಕೆಂಡುಗಳನ್ನು ಎತ್ತಿ ತಂದು ಜಗತ್ತಿಗೆ ಕೇಳಿಸಿದವರು ರೀಮಿಕ್ಸಿನವರೇ. ಅದನ್ನು ನುಡಿಸಿದವರ ಹೆಸರನ್ನು ರೆಕಾರ್ಡಿನ ಮೇಲೆ ಬರೆಯದೆ ಹೋದವರಲ್ಲಿ ಬಹಳಷ್ಟು ಮಂದಿ ಕೂಡ ಅವರೇ. ಹಾಡಿನ ಶೀರ್ಷಿಕೆಯಲ್ಲೇ ಡ್ರಮ್ಮರ್ ಇದ್ದಾನೆ. ಆದರೆ ಅಲ್ಲಿರುವುದು ಕಸುಬಿನ ಹೆಸರು, ಮನುಷ್ಯನದಲ್ಲ.

ಇದು ದೂರದ ಊರಿನ ಕತೆ ಮಾತ್ರವೇನಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಪ್ರದರ್ಶಕ ಕಲಾವಿದರಿಗೆ ರಾಯಲ್ಟಿಯ ಹಕ್ಕು ಕೊಟ್ಟಿತು. ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಸೇರಿಸಿತು: ಸಿನಿಮಾದಲ್ಲಿ ಒಬ್ಬರ ಪಾತ್ರ ಪ್ರಾಸಂಗಿಕವಾಗಿದ್ದು, ಉದ್ಯಮದ ರೂಢಿಯಂತೆ ಅವರ ಹೆಸರನ್ನು ಎಲ್ಲೂ ಹಾಕುವುದಿಲ್ಲವಾದರೆ, ಬಹುಪಾಲು ಹಕ್ಕುಗಳ ಮಟ್ಟಿಗೆ ಅವರು ಪ್ರದರ್ಶಕರೇ ಅಲ್ಲ. ಹೆಸರು ಹಾಕದಿರುವ ರೂಢಿಯೇ ಹಕ್ಕಿಲ್ಲದಿರುವುದಕ್ಕೆ ಆಧಾರವಾಗುವ ಈ ಸಾಲನ್ನು ಓದಿದಾಗ ನನಗೆ ನೆನಪಾದದ್ದು ಹಳೆಯ ಚಿತ್ರಗೀತೆಗಳ ಕ್ಯಾಸೆಟ್ ಹೊದಿಕೆಗಳು. ಸಂಗೀತ, ಸಾಹಿತ್ಯ, ಗಾಯನ ಮೂರರ ಹೆಸರೂ ಅಲ್ಲಿರುತ್ತಿತ್ತು. ತಬಲಾ, ಢೋಲಕ್ ನುಡಿಸಿದವರನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

ಸ್ಟಬಲ್‌ಫೀಲ್ಡ್ 1970ರ ದಶಕದಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ನೆಲೆಸಿದರು. ಅಲ್ಲಿನ ಕ್ಲಬ್ಬಿನಲ್ಲಿ ಪ್ರತಿ ಸೋಮವಾರ ರಾತ್ರಿ ಬಹುಕಾಲ ಡ್ರಮ್ ನುಡಿಸಿದರು. ಕ್ಯಾನ್ಸರ್ ಬಂದಾಗ ಆಸ್ಪತ್ರೆಯ ದೊಡ್ಡ ಮೊತ್ತದ ಬಿಲ್ಲನ್ನು ಸಂಗೀತಗಾರ ಪ್ರಿನ್ಸ್ ಸದ್ದಿಲ್ಲದೆ ಕಟ್ಟಿದ್ದರು ಎಂಬುದು ಜನಕ್ಕೆ ತಿಳಿದದ್ದು ಪ್ರಿನ್ಸ್ ತೀರಿಕೊಂಡ ನಂತರ. 2017ರ ಫೆಬ್ರವರಿ 18ರಂದು, ತಮ್ಮ 73ನೆಯ ವಯಸ್ಸಿನಲ್ಲಿ ಸ್ಟಬಲ್‌ಫೀಲ್ಡ್ ಕೊನೆಯುಸಿರೆಳೆದರು. ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರಿಗೆ ಮರಣೋತ್ತರವಾಗಿ ಗೌರವ ಡಾಕ್ಟರೇಟ್ ನೀಡಿತು.

ಪಿಎಚ್‌ಡಿ ಪ್ರಬಂಧದ ಅಡಿಟಿಪ್ಪಣಿಗಳನ್ನು ತಿದ್ದುತ್ತ ಕೂತಾಗಲೆಲ್ಲ ಈ ಸಂಗತಿ ನೆನಪಾಗುತ್ತದೆ. ಇನ್ನೊಬ್ಬರ ಒಂದು ಸಾಲು ತೆಗೆದುಕೊಂಡರೂ ಹೆಸರು ಹೇಳಲೇಬೇಕು ಎಂಬುದು ನಮಗೆ ಮೊದಲ ವರ್ಷವೇ ಕಲಿಸುವ ನಿಯಮ. ಅದಕ್ಕೆ ದುಡ್ಡೂ ಬೇಕಿಲ್ಲ, ವಕೀಲರೂ ಬೇಕಿಲ್ಲ. ಆ 20 ಸೆಕೆಂಡುಗಳಿಗೆ ಅಷ್ಟಾದರೂ ಸಲ್ಲಬಹುದಿತ್ತು.