ಮರಳಿದವರನ್ನು ಬರಮಾಡಿಕೊಂಡವರು ಯಾರು? ಕಾರ್ಕಳದಲ್ಲಿ ಸಂಧಿಸುವ ಎರಡು ಚರಿತ್ರೆಗಳು

ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಪಾಲನಾ ಸೇವೆ ಸಲ್ಲಿಸುವ ಗುರುಗಳಿಗೆ ಪರದೇಶದಿಂದ ಊರಿಗೆ ಮರಳಿದವರ ಭೇಟಿ ಅಪರೂಪವಲ್ಲ. ಕೊಲ್ಲಿ ರಾಷ್ಟ್ರಗಳಲ್ಲಿ ಹದಿನೈದು-ಇಪ್ಪತ್ತು ವರ್ಷ ದುಡಿದವರು, ವಿದೇಶದ ಆಸ್ಪತ್ರೆಗಳಲ್ಲಿ ದಾದಿಯರಾಗಿದ್ದವರು, ತಂದೆ ಬಿಟ್ಟುಹೋದ ಎರಡೆಕರೆ ಅಡಿಕೆ ತೋಟವನ್ನು ನೋಡಿಕೊಳ್ಳಲು ಬಂದವರು ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಅಂಥವರೊಬ್ಬರು ಒಮ್ಮೆ ನನ್ನೊಡನೆ, ‘ಊರಿಗೆ ಬಂದೆ ಫಾದರ್, ಊರು ಇನ್ನೂ ಸಿಕ್ಕಿಲ್ಲ’ ಎಂದರು. ಉನ್ನತ ವ್ಯಾಸಂಗಕ್ಕೆಂದು ಕೆಲವು ವರ್ಷ ಹೊರದೇಶದಲ್ಲಿದ್ದು ಬಂದಿದ್ದ ನನಗೆ ಆ ಮಾತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರಳುವಿಕೆಯು ಪ್ರಯಾಣದೊಂದಿಗೆ ಮುಗಿಯುವುದಿಲ್ಲ. ಬರಮಾಡಿಕೊಳ್ಳುವವರಿದ್ದಾಗಲೇ ಅದು ಪೂರ್ಣಗೊಳ್ಳುತ್ತದೆ. ಈ ಮಾತಿಗೆ ಆಧಾರವಾಗಿ ನಮ್ಮ ಘಟ್ಟ ಮತ್ತು ಕರಾವಳಿಯ ಚರಿತ್ರೆಯಿಂದ ಎರಡು ಪ್ರಸಂಗಗಳನ್ನು ಇಲ್ಲಿ ಒಟ್ಟಿಗೆ ಇರಿಸಿ ನೋಡಬಯಸುತ್ತೇನೆ. ಒಂದನ್ನು ನಾವು ಬಾಲ್ಯದಿಂದಲೂ ಕೇಳಿ ಬಲ್ಲೆವು. ಇನ್ನೊಂದು ನಮ್ಮ ನೆರೆಯಲ್ಲೇ ನಡೆದರೂ ನಮ್ಮ ಪಾಠಗಳಲ್ಲಿ ಅದಕ್ಕೆ ಸ್ಥಾನ ದೊರೆತಿಲ್ಲ.

ಕೆನರಾದಿಂದ ಶ್ರೀರಂಗಪಟ್ಟಣಕ್ಕೆ

ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ, 1783ರಲ್ಲಿ, ಮಂಗಳೂರು ಬ್ರಿಟಿಷರ ವಶವಾಯಿತು. ಕೆನರಾದ ಕ್ರೈಸ್ತರು ಅವರಿಗೆ ನೆರವಾದರೆಂಬುದು ಟಿಪ್ಪು ಸುಲ್ತಾನನ ಆರೋಪ. ಮಂಗಳೂರನ್ನು ಮರಳಿ ಪಡೆದ ಬಳಿಕ, 1784ರ ತಪಸ್ಸುಕಾಲದ ಆರಂಭದ ದಿನಗಳಲ್ಲಿ, ಆತನ ಆಜ್ಞೆಯಂತೆ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರ ಸಂಖ್ಯೆಯನ್ನು 30,000ದಿಂದ 80,000ದವರೆಗೆ ಬೇರೆಬೇರೆಯಾಗಿ ಅಂದಾಜಿಸಲಾಗಿದೆ. ದಾರಿಯಲ್ಲಿ ಸತ್ತವರು, ರೋಗದಿಂದ ಅಳಿದವರು, ಬಲವಂತದ ಮತಾಂತರಕ್ಕೆ ಒಳಗಾದವರು ಅನೇಕರು. ಕರಾವಳಿಯ ಬಹುತೇಕ ದೇವಾಲಯಗಳು ನೆಲಸಮವಾದವು. ಕಾರ್ಕಳದ ಬಳಿಯ ಅತ್ತೂರಿನ ಸಂತ ಲಾರೆನ್ಸರ ದೇವಾಲಯವೂ ಅವುಗಳಲ್ಲೊಂದು. ಮೂಡುಬಿದಿರೆ ಸಮೀಪದ ಹೊಸಬೆಟ್ಟಿನ ದೇವಾಲಯ ಮಾತ್ರ ಅಲ್ಲಿನ ಜೈನ ಅರಸರಾದ ಚೌಟರ ಮಧ್ಯಸ್ಥಿಕೆಯಿಂದ ಉಳಿಯಿತೆಂಬುದು ನಮ್ಮ ಪರಂಪರೆ.

ಶೃಂಗೇರಿಯಿಂದ ಕಾರ್ಕಳಕ್ಕೆ

ಇದಾದ ಏಳು ವರ್ಷಗಳ ಬಳಿಕ, ಮೂರನೆಯ ಆಂಗ್ಲೋ-ಮೈಸೂರು ಯುದ್ಧದ ಸಮಯದಲ್ಲಿ, ಪರಶುರಾಮ ಭಾವುವಿನ ನೇತೃತ್ವದ ಮರಾಠಾ ಸೇನೆಗೆ ಸೇರಿದ ದಂಡು 1791ರಲ್ಲಿ ಶೃಂಗೇರಿಯನ್ನು ಲೂಟಿ ಮಾಡಿತು. ಶಾರದೆಯ ಮೂರ್ತಿ ಸ್ಥಾನಪಲ್ಲಟಗೊಂಡಿತು. ಮಠಾಧಿಪತಿಗಳಾಗಿದ್ದ ಮೂರನೆಯ ಸಚ್ಚಿದಾನಂದ ಭಾರತೀ ಸ್ವಾಮಿಗಳು ಶೃಂಗೇರಿಯನ್ನು ತೊರೆದು ಕಾರ್ಕಳದಲ್ಲಿ ಆಶ್ರಯ ಪಡೆದರು. ಅಲ್ಲಿಂದ ಅವರು ನೆರವು ಕೋರಿ ಬರೆದದ್ದು ಟಿಪ್ಪು ಸುಲ್ತಾನನಿಗೆ. ಆತ ಕನ್ನಡದಲ್ಲಿ ಕಳುಹಿಸಿದ ಉತ್ತರಗಳಲ್ಲಿ ದಾಳಿಯ ಬಗ್ಗೆ ದುಃಖವಿದೆ, ಗುರುಗಳ ಬಗ್ಗೆ ಗೌರವವಿದೆ. ಶಾರದೆಯ ಪುನಃಪ್ರತಿಷ್ಠೆಗಾಗಿ ಬಿದನೂರಿನ ಅಧಿಕಾರಿಯಿಂದ 200 ರಾಹತಿ ನಾಣ್ಯ ಹಾಗೂ ಇತರ ವಸ್ತುಗಳನ್ನು ಒದಗಿಸುವ ಆಜ್ಞೆಯಿದೆ. ಮೈಸೂರಿನ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಈ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದರು.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಶೃಂಗೇರಿಯ ಗುರುಗಳಿಗೆ ನೆಲೆಯಾದ ಕಾರ್ಕಳದ ಸೀಮೆಯಿಂದಲೇ ಏಳು ವರ್ಷಗಳ ಹಿಂದೆ ಕ್ರೈಸ್ತರನ್ನು ಸಾಗಿಸಲಾಗಿತ್ತು. ಗುರುಗಳು ಅಲ್ಲಿ ವಾಸಿಸುತ್ತಿದ್ದಾಗ ಅತ್ತೂರಿನ ಭಕ್ತರು ಶ್ರೀರಂಗಪಟ್ಟಣದ ಸೆರೆಯಲ್ಲಿದ್ದರು. ಒಬ್ಬನೇ ಅರಸನ ಆಜ್ಞೆ ಒಂದು ಸಮುದಾಯವನ್ನು ಊರಿನಿಂದ ಕಿತ್ತಿತು, ಇನ್ನೊಂದರ ಗುರುಗಳು ಊರಿಗೆ ಮರಳಲು ನೆರವಾಯಿತು. ಆ ನೆರವಿನ ಹಿಂದೆ ಯುದ್ಧಕಾಲದ ರಾಜಕಾರಣವೂ ಇದ್ದಿರಬಹುದು. ಆದರೂ ಪತ್ರಗಳು ಸುಳ್ಳಾಗುವುದಿಲ್ಲ, ನಮ್ಮ ಸೆರೆವಾಸವೂ ಸುಳ್ಳಾಗುವುದಿಲ್ಲ. ಶೃಂಗೇರಿಯ ಪೇಟೆಯಲ್ಲಿ ಬದುಕುವ ಕ್ರೈಸ್ತನು ಎರಡನ್ನೂ ಅರಿತಿರಬೇಕು. ಒಂದನ್ನು ಮರೆಮಾಡಿ ಇನ್ನೊಂದನ್ನು ಹೇಳುವವನು ಚರಿತ್ರೆಯನ್ನು ವಕಾಲತ್ತಾಗಿ ಮಾಡುತ್ತಾನೆ.

1799ರ ಮರಳುವಿಕೆ

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾಯಿತು. ಬದುಕುಳಿದ ಸೆರೆಯಾಳುಗಳು ಬಿಡುಗಡೆ ಹೊಂದಿದರು. ಆದರೆ ಎಲ್ಲರೂ ಕರಾವಳಿಗೆ ಮರಳಲಿಲ್ಲ. ಕೆಲವರು ಮೈಸೂರು ಸೀಮೆಯಲ್ಲೇ ಉಳಿದರು. ಇನ್ನು ಕೆಲವರು ಅದಕ್ಕೂ ಮೊದಲೇ ತಪ್ಪಿಸಿಕೊಂಡು ಕೊಡಗನ್ನು ಸೇರಿದ್ದರು. ಅಲ್ಲಿನ ಅರಸ ದೊಡ್ಡ ವೀರರಾಜೇಂದ್ರನು ಅವರಿಗೆ ಭೂಮಿ ಕೊಟ್ಟನು, 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯ ಎದ್ದಿತು. ಹದಿನೈದು ವರ್ಷಗಳ ಬಳಿಕ ಕೆನರಾಕ್ಕೆ ಇಳಿದವರು ಕಂಡದ್ದು ಪಾಳುಬಿದ್ದ ದೇವಾಲಯಗಳನ್ನು, ಪರರ ಕೈಸೇರಿದ್ದ ಗದ್ದೆಗಳನ್ನು. ಭೂಮಿಯನ್ನು ಮರಳಿ ಪಡೆಯಲು ಹೊಸ ಆಡಳಿತದ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾಯಿತು. ಮಂಗಳೂರಿನ ಮಿಲಾಗ್ರಿಸ್ ದೇವಾಲಯ ಮತ್ತೆ ತಲೆಯೆತ್ತಿದ್ದು 1811ರಲ್ಲಿ.

ಭೂಮಿಗಿಂತ ಕಠಿಣವಾದ ಪ್ರಶ್ನೆ ಇನ್ನೊಂದಿತ್ತು. ಸೆರೆಯಲ್ಲಿ ಬಲವಂತಕ್ಕೆ ಮಣಿದು ಅನ್ಯಧರ್ಮದ ಆಚರಣೆಯಲ್ಲಿ ಬದುಕಿದವರನ್ನು ಧರ್ಮಸಭೆ ಹೇಗೆ ಸ್ವೀಕರಿಸಬೇಕು? ಶ್ರೀರಂಗಪಟ್ಟಣದ ಪತನದ ನಂತರ ಅಲ್ಲಿಗೆ ಬಂದು ಈ ಜನರನ್ನು ಮತ್ತೆ ಒಗ್ಗೂಡಿಸಿದವರು ಫ್ರೆಂಚ್ ಧರ್ಮಗುರು ಅಬ್ಬೆ ದುಬುವಾ. ಅವರು ಆ ಜನರನ್ನು ಸಂಸ್ಕಾರಗಳಿಗೆ ಮರಳಿ ಸೇರಿಸಿಕೊಂಡರು. ಆದರೆ 1823ರಲ್ಲಿ, 31 ವರ್ಷಗಳ ಭಾರತವಾಸ ಮುಗಿಸಿ ಸ್ವದೇಶಕ್ಕೆ ಮರಳಿದ ವರ್ಷವೇ, ಪ್ರಕಟವಾದ ತಮ್ಮ ಪತ್ರಗಳಲ್ಲಿ, ಅಷ್ಟು ಸಾವಿರ ಸೆರೆಯಾಳುಗಳಲ್ಲಿ ವಿಶ್ವಾಸಕ್ಕಾಗಿ ಪ್ರಾಣ ತೆರುವ ಧೈರ್ಯ ಒಬ್ಬರಿಗೂ ಇರಲಿಲ್ಲವೆಂದು ನಿಷ್ಠುರವಾಗಿ ಬರೆದರು. ಕೈ ಸ್ವೀಕರಿಸಿತು, ಲೇಖನಿ ತೀರ್ಪಿತ್ತಿತು. ನಮ್ಮ ಸ್ಮರಣೋತ್ಸವಗಳು ಹುತಾತ್ಮರ ಕುರಿತು ಮಾತನಾಡುತ್ತವೆ. ಮಣಿದು, ಉಳಿದು, ನಾಚಿಕೆಯನ್ನು ಹೊತ್ತು ಮರಳಿದ ಪೂರ್ವಿಕರ ಕುರಿತು ಮೌನವಾಗಿರುತ್ತವೆ. ನಮ್ಮಲ್ಲಿ ಬಹಳ ಮಂದಿ ಅವರ ಸಂತತಿಯೆಂಬುದನ್ನು ನೆನೆದರೆ ಆ ಮೌನ ಭಾರವಾಗುತ್ತದೆ.

ಪ್ರಾಚೀನ ಧರ್ಮಸಭೆ ಈ ಪ್ರಶ್ನೆಯನ್ನು ಎದುರಿಸಿತ್ತು. ಚಕ್ರವರ್ತಿ ಡೇಸಿಯಸನ ಹಿಂಸೆಯಲ್ಲಿ ಬಿದ್ದವರಿಗೆ ಬಾಗಿಲು ತೆರೆಯಬಾರದೆಂದು ರೋಮಿನ ನೊವೇಷಿಯನ್ ಹಟ ಹಿಡಿದನು. ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು 251ರ ಸಭೆಯಲ್ಲಿ ಪ್ರಾಯಶ್ಚಿತ್ತದ ಮಾರ್ಗವನ್ನು ಎತ್ತಿಹಿಡಿದರು. ಹಿಂಸೆಯ ಕಾಲದಲ್ಲಿ ಸ್ವತಃ ಮರೆಯಲ್ಲಿದ್ದು ಅದೇ ವರ್ಷ ತಮ್ಮ ನಗರಕ್ಕೆ ಮರಳಿದ್ದವರು ಅವರು. ಮರಳುವವನ ಮನಸ್ಸು ಅವರಿಗೆ ತಿಳಿದಿತ್ತು.

ಎಜ್ರನ ಗ್ರಂಥದ ಬೆಳಕಿನಲ್ಲಿ

ಪವಿತ್ರಗ್ರಂಥದಲ್ಲಿ ಮರಳುವಿಕೆಯ ಮಹಾಕಥನ ಬಾಬಿಲೋನಿನಿಂದ ಬಂದವರದು. ಅವರಿಗೆ ದಾರಿ ತೆರೆದವನು ಇಸ್ರಯೇಲಿನ ದೇವರನ್ನು ಅರಿಯದ ಪರ್ಷಿಯದ ಸೈರಸ್. ಯೆಶಾಯನ ಗ್ರಂಥದ 45ನೆಯ ಅಧ್ಯಾಯ ಅವನನ್ನೇ ಅಭಿಷಿಕ್ತನೆಂದು ಕರೆಯುತ್ತದೆ. ಮರಳುವವರಿಗೆ ನೆರವು ನಮ್ಮವರಲ್ಲದವರ ಕೈಯಿಂದಲೂ ಬರುತ್ತದೆಂಬ ಈ ತಿಳಿವನ್ನು ಚೌಟರೂ ಕೊಡಗಿನ ಅರಸನೂ ನಮಗೆ ಪುನಃ ಕಲಿಸುತ್ತಾರೆ. ಶೃಂಗೇರಿಯ ಕಡತದಲ್ಲಿರುವ ಆ ಪತ್ರಗಳೂ, ನಮಗೆ ಎಷ್ಟೇ ಕಹಿಯೆನಿಸಿದರೂ, ಅದನ್ನೇ ಹೇಳುತ್ತವೆ.

ಎಜ್ರನ ಗ್ರಂಥದ 3ನೆಯ ಅಧ್ಯಾಯದಲ್ಲಿ ಹೊಸ ದೇವಾಲಯದ ಅಸ್ತಿವಾರ ಕಂಡು ಕಿರಿಯರು ಹರ್ಷಿಸುತ್ತಾರೆ. ಹಳೆಯ ಆಲಯವನ್ನು ಕಂಡಿದ್ದ ಹಿರಿಯರು ಅಳುತ್ತಾರೆ. ಎರಡು ಸದ್ದುಗಳೂ ಬೆರೆತುಹೋಗುತ್ತವೆ. ಪ್ರತಿಯೊಂದು ಮರಳುವಿಕೆಯಲ್ಲೂ ಈ ಅಳುವಿಗೆ ಸ್ಥಳವಿರಬೇಕು. ಆದರೆ 4ನೆಯ ಅಧ್ಯಾಯದಲ್ಲಿ ಮರಳಿದವರು, ಜೊತೆಗೆ ಕಟ್ಟುತ್ತೇವೆಂದು ಬಂದ ನೆರೆಯವರನ್ನು ತಿರುಗಿಸಿ ಕಳುಹಿಸುತ್ತಾರೆ. ನೋವುಂಡು ಬಂದವರೇ ಹೊಸ ಗೋಡೆ ಎಬ್ಬಿಸುವ ಅಪಾಯ ಅಂದೂ ಇತ್ತು, ಇಂದೂ ಇದೆ.

ಇಂದಿನ ಪಾಲನಾ ಸೇವೆಗೆ

1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ಅವರು ನಿಲ್ದಾಣದಲ್ಲಿ ಇಳಿದದ್ದನ್ನು ಚರಿತ್ರೆ ದಾಖಲಿಸುತ್ತದೆ. ಆ ಬಳಿಕ ಊರಿನಲ್ಲಿ ಕಳೆದ ವರ್ಷಗಳನ್ನು ದಾಖಲಿಸಬೇಕಾದವರು ನಾವು. ಭದ್ರಾ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ನೆಲ ನರಸಿಂಹರಾಜಪುರದವರ ಕಣ್ಣೆದುರಿಗೇ ಇದೆ. ಹೋಗಬಯಸಿದರೂ ಮರಳಲಾಗದ ಊರುಗಳಿವೆಯೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಗುರುಅಭ್ಯರ್ಥಿಗಳಿಗೆ ನನ್ನ ವಿನಂತಿ ಇಷ್ಟೇ. ಹಿಂದಿನ ಬೆಂಚಿನಲ್ಲಿ ಕುಳಿತವರನ್ನು ಕಂಡಾಗ ಎಷ್ಟು ಗಳಿಸಿದಿರಿ, ಏಕೆ ಬಂದಿರಿ ಎಂದು ಮೊದಲು ಕೇಳದಿರಿ. ಅಲ್ಲಿ ಪ್ರಾರ್ಥನೆಯನ್ನು ಹೇಗೆ ನಡೆಸಿಕೊಂಡಿರಿ, ಅಲ್ಲಿ ಯಾರನ್ನು ಬಿಟ್ಟುಬಂದಿರಿ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. 1799ರಲ್ಲಿ ಮರಳಿದ ನಮ್ಮ ಹಿರಿಯರಿಗೂ ಯಾರಾದರೂ ಹಾಗೆ ಕೇಳಿ ಕಾದಿದ್ದರೆ, ಅವರ ಕಥೆಯನ್ನು ನಾವು ಇಂದು ಅವರ ಮಾತಿನಲ್ಲೇ ಓದುತ್ತಿದ್ದೆವು.